ಬಯಲೊಲೆಯ ಮಾತು: ಮೆಟ್ಟೂರಿನ ಹಿನ್ನೀರ ಹೊಲಗಳಲ್ಲಿ ಕಾಪಿ, ಕುದಿ, ಕನ್ನಡ

ಮೆಟ್ಟೂರು ಅಣೆಕಟ್ಟಿನ ಕೆಲಸ 1925ರಲ್ಲಿ ಆರಂಭವಾಗಿ 1934ರಲ್ಲಿ ಮುಗಿಯಿತು. ಅಂದಿನ ಮದ್ರಾಸು ಪ್ರಾಂತ್ಯದ ಗವರ್ನರ್ ಸ್ಟಾನ್ಲಿಯ ಹೆಸರು ಹೊತ್ತ ಈ ಜಲಾಶಯದ ಪೂರ್ಣ ಮಟ್ಟ 120 ಅಡಿ. ಕಾವೇರಿಯ ಮುಖಜಭೂಮಿಯ ಬೇಸಾಯಕ್ಕೆ ಜೂನ್ 12ರಂದು ನೀರು ಬಿಟ್ಟು ಜನವರಿ 28ಕ್ಕೆ ನಿಲ್ಲಿಸುವುದು ಇಲ್ಲಿನ ರೂಢಿ. ಆದುದರಿಂದ ವರ್ಷದ ಕೆಲವು ತಿಂಗಳು, ಮಳೆ ಕೈಕೊಟ್ಟ ವರ್ಷಗಳಲ್ಲಿ ಇನ್ನೂ ಹೆಚ್ಚು ಕಾಲ, ಜಲಾಶಯದ ಒಡಲು ಬಯಲಾಗುತ್ತದೆ. ನೀರು ಬಹಳ ಇಳಿದಾಗ ಪಣ್ಣವಾಡಿಯ ಬಳಿ ಮುಳುಗಿದ ದೇವಾಲಯದ ನಂದಿ ತಲೆ ಎತ್ತುವುದು ಪತ್ರಿಕೆಗಳಿಗೆ ಸುದ್ದಿ. ಅದೇ ವೇಳೆಗೆ ಸುತ್ತಲಿನ ಮೆಕ್ಕಲು ಮಣ್ಣಿನಲ್ಲಿ ರಾಗಿ, ಮುಸುಕಿನ ಜೋಳ, ನೆಲಗಡಲೆ ಬಿತ್ತುವ ರೈತರು ಅಷ್ಟಾಗಿ ಸುದ್ದಿಯಾಗುವುದಿಲ್ಲ. ಈ ಲೇಖನದ ವಿಷಯ ಅವರ ಬೇಸಾಯವೂ ಅಲ್ಲ. ಬೇಸಾಯದ ನಡುವೆ ಮೂರು ಕಲ್ಲು ಹೂಡಿ ಕಾಯಿಸಿಕೊಳ್ಳುವ ಬಿಸಿ ಪಾನೀಯ, ಮತ್ತು ಅದರ ಸುತ್ತ ಆಡುವ ಮಾತು.

ಮೆಟ್ಟೂರು, ಕೊಳತ್ತೂರು, ಪೆನ್ನಾಗರಂ ಪರಿಸರದಲ್ಲಿ ಕನ್ನಡ ಮನೆಮಾತಿನ ಕುಟುಂಬಗಳಿರುವುದು ಈ ಪತ್ರಿಕೆಯ ಓದುಗರಿಗೆ ಹೊಸತಲ್ಲ. ಪಾಲಾರ್ ದಾಟಿದರೆ ಮಲೆ ಮಹದೇಶ್ವರ ಬೆಟ್ಟದ ದಾರಿ. ಆಚೆಯ ಕೊಳ್ಳೇಗಾಲ ತಾಲೂಕು 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಇಲ್ಲಿನ ಗಡಿ ಜನರಿಗಿಂತ ಚಿಕ್ಕ ವಯಸ್ಸಿನದು. ಇಂಥ ಕಡೆ ಕನ್ನಡ ಎಷ್ಟು ಉಳಿದಿದೆ ಎಂದು ಅಳೆಯಲು ನಾವು ಸಾಮಾನ್ಯವಾಗಿ ಪದಪಟ್ಟಿ ಹಿಡಿದು ಹೊರಡುತ್ತೇವೆ. ಆ ಅಳತೆಗೋಲು ಎಲ್ಲಿ ತಪ್ಪುತ್ತದೆ ಎಂಬುದನ್ನು ಹೊಲದ ಒಲೆಯಷ್ಟು ಸ್ಪಷ್ಟವಾಗಿ ತೋರಿಸುವ ಸ್ಥಳ ಇನ್ನೊಂದಿಲ್ಲ.

ಮೊದಲು ಕೆಲಸದ ಕ್ರಮ. ಹಿನ್ನೀರಿನ ನೆಲ ಜಲಾಶಯಕ್ಕೆ ಸೇರಿದ್ದು. ಮುಂದಿನ ಮಳೆಗಾಲದಲ್ಲಿ ಮುಳುಗುವ ಜಾಗದಲ್ಲಿ ಯಾರೂ ಮನೆ ಕಟ್ಟುವುದಿಲ್ಲ. ನೆರಳಿಗೆ ಮರವೂ ವಿರಳ. ಬಯಲಿನ ಗಾಳಿಗೆ ಉರಿ ಒಂದೇ ಬದಿಗೆ ಬಾಗಿ ಪಾತ್ರೆಗೆ ತಾಗದೆ ಹೋಗುವುದರಿಂದ ಒಲೆಯ ಬಾಯಿಯನ್ನು ಗಾಳಿ ಬರುವ ಕಡೆಗೆ ಇಟ್ಟು, ಉಳಿದ ಬದಿಗಳಿಗೆ ಹೆಂಟೆ ಒತ್ತರಿಸಬೇಕು, ಇಲ್ಲವೇ ಗೇಣುದ್ದ ಕುಳಿ ತೋಡಬೇಕು. ಮೆಕ್ಕಲು ಹಸಿಯಾಗಿದ್ದರೆ ಕುಳಿಯಲ್ಲಿ ಹೊಗೆ ಹೆಚ್ಚು. ಆಗ ಕಲ್ಲೇ ಮೇಲು. ಸೌದೆಗೆ ಬಳ್ಳಾರಿ ಜಾಲಿಯ ಪುಳ್ಳೆ, ಕಾಳು ಬಿಡಿಸಿದ ಜೋಳದ ದಿಂಡು, ನೀರು ತಂದು ಬಿಟ್ಟ ಕಡ್ಡಿ. ದಿಂಡು ಬೇಗ ಹೊತ್ತಿಕೊಂಡು ಬೇಗ ಬೂದಿಯಾಗುತ್ತದೆ. ಜಾಲಿ ನಿಧಾನವಾಗಿ ಹತ್ತಿದರೂ ಕೆಂಡ ನಿಲ್ಲುತ್ತದೆ.

ಕುಡಿಯುವುದು ಹೆಚ್ಚಾಗಿ ಹಾಲಿಲ್ಲದ ಬೆಲ್ಲದ ಕಾಪಿ, ತಮಿಳಿನ ‘ವರಕ್ಕಾಪ್ಪಿ’. ಹಾಲು ಬಿಡದಿರುವುದಕ್ಕೆ ಬಡತನವನ್ನಷ್ಟೇ ಕಾರಣವಾಗಿ ಹೇಳುವವರಿದ್ದಾರೆ. ಬೇಸಗೆಯ ಬಿಸಿಲಿನಲ್ಲಿ ಹಾಲು ಮಧ್ಯಾಹ್ನದವರೆಗೆ ಕೆಡದೆ ಉಳಿಯದು. ಬೆಲ್ಲದೊಡನೆ ಕುದಿಸಿದರೆ ಒಡೆಯುವ ಭಯ ಬೇರೆ. ಎಸರು ಕಾದ ಮೇಲೆ ಮೊದಲು ಬೆಲ್ಲ, ಅದು ಕರಗಿ ಮರಳಿದಾಗ ಪುಡಿ, ಒಂದು ಉಕ್ಕು ಬರುತ್ತಲೇ ಇಳಿಸಿ ಮೇಲೆ ತಣ್ಣೀರು ಚಿಮುಕಿಸುವುದು. ತಣ್ಣೀರು ತಾಗಿದರೆ ಚರಟ ತಳಕ್ಕಿಳಿಯುತ್ತದೆ, ಸೋಸುವ ಬಟ್ಟೆ ಬೇಕಾಗುವುದಿಲ್ಲ. ಪಾತ್ರೆ ಬಾಗಿಸಿ ಬಸಿದರೆ ಸಾಕು. ಕಾಫಿ ಈ ಸೀಮೆಗೆ ದೂರದ ವಸ್ತುವಲ್ಲ. ಸೇಲಂ ಬಳಿಯ ಏರ್ಕಾಡಿನ ಬೆಟ್ಟಗಳಲ್ಲಿ 1820ರ ದಶಕದಲ್ಲಿ, ಕಾಕ್‌ಬರ್ನ್ ಕಲೆಕ್ಟರನಾಗಿದ್ದಾಗಲೇ, ಕಾಫಿ ಗಿಡ ನೆಡಲಾಯಿತು. ಆದರೆ ಬೆಳೆ ಹತ್ತಿರವಿದ್ದ ಮಾತ್ರಕ್ಕೆ ಪಾನೀಯ ಹೊಲಕ್ಕಿಳಿಯಲಿಲ್ಲ. ತಮಿಳುನಾಡಿನಲ್ಲಿ ಕಾಫಿ ಕುಡಿಯುವ ಅಭ್ಯಾಸ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೇಗೆ ಹರಡಿತು, ಎಷ್ಟು ವಾದ ಎಬ್ಬಿಸಿತು ಎಂಬುದನ್ನು ಎ. ಆರ್. ವೆಂಕಟಾಚಲಪತಿ ವಿವರವಾಗಿ ಬರೆದಿದ್ದಾರೆ.

ಕಾಪಿ ಎಂಬ ಪದ ಬಂದ ಮೇಲೆ ಪಾನೀಯಕ್ಕಿಂತ ದೊಡ್ಡದಾಗಿ ಬೆಳೆಯಿತು. ಒಣಶುಂಠಿ, ಕೊತ್ತಂಬರಿ ಬೀಜ, ಕರಿ ಬೆಲ್ಲ ಕುದಿಸಿದ ನೀರಿಗೆ ‘ಸುಕ್ಕುಮಲ್ಲಿ ಕಾಪ್ಪಿ’ ಎನ್ನುತ್ತಾರೆ. ಅದರಲ್ಲಿ ಕಾಫಿ ಪುಡಿ ಚಿಟಿಕೆಯೂ ಇರಬೇಕಾಗಿಲ್ಲ. ಮಲೆನಾಡಿನವರು ಇದನ್ನೇ ಕಷಾಯ ಎಂದಾರು, ಮೈಸೂರು ಕಡೆಯವರು ಕೊತ್ತಂಬರಿ ಕಾಫಿ ಎಂದಾರು. ಬೆಂಗಳೂರಿನ ಕನ್ನಡಿಗ ಪದವನ್ನು ಒಡೆದು ನೋಡಿದರೆ ಸುಕ್ಕುಗಟ್ಟಿದ ಮಲ್ಲಿಗೆಯ ಕಾಫಿಯೆಂದು ಬೆರಗಾಗಬಹುದು. ಪಟ್ಟಿಯಲ್ಲಿ ಇದು ತಮಿಳು ಸ್ವೀಕರಣವೆಂದು ದಾಖಲಾಗುವುದು ಖಚಿತ, ಮತ್ತು ಸರಿಯೂ ಹೌದು: ಅಂಗಡಿಯಲ್ಲಿ ಕೊಂಡ ವಸ್ತು ಅಂಗಡಿಯ ಹೆಸರನ್ನೇ ಹೊತ್ತು ಬರುತ್ತದೆ. ಕಾಪಿ ಒಯ್ಯುವ ಹಿಡಿಕೆಯ ಪಾತ್ರೆಗೆ ಕೊಂಗು ನಾಡಿನ ‘ತೂಕ್ಕುಪ್ಪೋಸಿ’ ಅಂಟಿಕೊಂಡರೂ ಆಶ್ಚರ್ಯವಿಲ್ಲ.

ತೊಡಕು ಕ್ರಿಯಾಪದಗಳಲ್ಲಿದೆ. ತಮಿಳಿನಲ್ಲಿ ನೀರು ‘ಕೊದಿ’ಯುತ್ತದೆ, ಕನ್ನಡದಲ್ಲಿ ‘ಕುದಿ’ಯುತ್ತದೆ. ತಮಿಳಿನವರು ಹಾಲು ‘ಕಾಯ್ಚು’ತ್ತಾರೆ, ಆಡುಮಾತಿನಲ್ಲಿ ‘ಕಾಚ್ಚು’ತ್ತಾರೆ, ಕನ್ನಡದವರು ‘ಕಾಸು’ತ್ತಾರೆ. ‘ಕುಡಿ’ ಎರಡರಲ್ಲೂ ಕುಡಿಯೇ. ‘ಪುಗೈ’ ಮತ್ತು ‘ಹೊಗೆ’, ‘ವೆಲ್ಲಂ’ ಮತ್ತು ‘ಬೆಲ್ಲ’ ಎರಡು ಭಾಷೆಗಳ ನಡುವಿನ ಪ–ಹ, ವ–ಬ ಸಂವಾದಗಳ ಪಾಠಕ್ಕೆ ತಕ್ಕ ಉದಾಹರಣೆಗಳು. ಒಲೆಯ ಮುಂದೆ ಕುಳಿತ ದ್ವಿಭಾಷಿಯೊಬ್ಬರು ಸ್ವರವನ್ನು ಕೊಂಚ ತೆರೆದು ಈ ಕ್ರಿಯಾಪದಗಳಲ್ಲೊಂದನ್ನು ಆಡಿದರೆ, ಅದು ತಮಿಳಿಗೆ ಹೊರಳಿದ ಮಾತೋ ಪ್ರಾದೇಶಿಕ ಕನ್ನಡವೋ ಎಂದು ಧಾತುವೊಂದನ್ನೇ ನೋಡಿ ತೀರ್ಮಾನಿಸಲಾಗದು, ಪ್ರತ್ಯಯವನ್ನು ನೋಡಬೇಕು. ಪದಪಟ್ಟಿಯಲ್ಲಿ ಪ್ರತ್ಯಯಕ್ಕೆ ಅಂಕಣವಿರುವುದಿಲ್ಲ.

ಸ್ವಾಡೆಶ್‌ನ 100 ಪದಗಳ ಪಟ್ಟಿಯನ್ನೇ ತೆಗೆದುಕೊಳ್ಳಿ. ನೀರು, ಕಲ್ಲು, ಹೊಗೆ, ಬೆಂಕಿ, ಬೂದಿ, ಸುಡು, ಬಿಸಿ, ಕುಡಿ ಎಂಬ ಎಂಟು ಅರ್ಥಗಳು ಅದರಲ್ಲಿವೆ. ಎಂಟೂ ಹೊಲದ ಒಲೆಯ ಸುತ್ತಲಿನವೇ. ಇವುಗಳಲ್ಲಿ ಬೆಂಕಿ–ನೆರುಪ್ಪು, ಬೂದಿ–ಸಾಂಬಲ್, ಬಿಸಿ–ಸೂಡು ಮಾತ್ರ ಎದ್ದು ಕಾಣುವಂತೆ ಬೇರೆ. ‘ನೀರು’ ಇಬ್ಬರಿಗೂ ಸೇರಿದ್ದಾದರೂ ಇಂದಿನ ತಮಿಳು ಆಡುಮಾತು ‘ತಣ್ಣಿ’ಯನ್ನೇ ನೆಚ್ಚಿಕೊಂಡಿದೆ. ತಣ್ಣೀರು ಎಂಬ ಮೂಲಾರ್ಥ ಸವೆದುಹೋದುದರಿಂದ ತಮಿಳರು ಕಾದ ನೀರನ್ನು ‘ಸುಡುತಣ್ಣಿ’ ಎಂದು ನಿಶ್ಚಿಂತೆಯಿಂದ ಹೇಳುತ್ತಾರೆ. ಕನ್ನಡದ ಕಿವಿಗೆ ಅದು ಬಿಸಿಯಾದ ತಣ್ಣೀರು. ತಮಿಳಿನ ‘ವೆನ್ನೀರ್’ಗೆ ಸಮನಾದ ‘ಬೆನ್ನೀರ್’ ನಮ್ಮ ಹಳಗನ್ನಡದಲ್ಲೂ ಇತ್ತು. ಹೀಗಿರುವಾಗ ಎಂಟರಲ್ಲಿ ಎಷ್ಟು ‘ಕನ್ನಡ’ ಎಂದು ಎಣಿಸಿ ಒಂದು ಊರಿನ ಭಾಷೆಗೆ ಶೇಕಡಾವಾರು ಅಂಕ ಕೊಡುವುದು ದುಡುಕು.

ಒಲೆಯ ಹೆಸರಿನ ಕಥೆ ಇನ್ನೂ ಸ್ವಾರಸ್ಯಕರ. ಕನ್ನಡದ ‘ಅಡು’ ಧಾತು ಅಡುಗೆಯಲ್ಲಿ ಉಳಿಯಿತು. ತಮಿಳಿನಲ್ಲಿ ಅದೇ ಧಾತು ‘ಅಡುಪ್ಪು’ ಆಗಿ ಒಲೆಯ ಹೆಸರಾಯಿತು. ಕನ್ನಡದ ‘ಒಲೆ’ಗೆ ಸಂಬಂಧಿಸಿದ ‘ಉಲೈ’ ತಮಿಳಿನಲ್ಲಿ ಕಮ್ಮಾರನ ಕುಲುಮೆಗೂ ಅನ್ನಕ್ಕಿಟ್ಟ ಎಸರಿಗೂ ಸಲ್ಲುತ್ತದೆ. ‘ಉಲೈ ಇಟ್ಟಾಯಿತೇ’ ಎಂಬ ಭಾವದ ತಮಿಳು ಪ್ರಶ್ನೆಗೆ ಕನ್ನಡದ ಉತ್ತರ ‘ಎಸರಿಟ್ಟಾಯಿತು’. ಗಂಜಿಯ ವಿಷಯವೂ ಹೀಗೆಯೇ: ರಾಗಿಯ ನಾಡಾದ ಧರ್ಮಪುರಿಯಲ್ಲಿ ಹೊಲಕ್ಕೆ ಒಯ್ಯುವ ಅಂಬಲಿಗೆ ತಮಿಳಿನಲ್ಲಿ ‘ಕೂೞ್’ ಎನ್ನುತ್ತಾರೆ. ಅದೇ ಪದ ಕನ್ನಡದಲ್ಲಿ ‘ಕೂಳು’ ಆಗಿ, ಬೇಯಿಸಿದ ಅನ್ನವೆಂಬ ಗೌರವದ ಅರ್ಥದಿಂದ ಜಾರಿ, ಈಗ ಬಯ್ಗುಳದ ನೆರೆಗೆ ಬಂದಿದೆ. ಬೆಂಗಳೂರಿನ ಸಂಶೋಧಕನಿಗೆ ಹೊಲದಲ್ಲಿ ಯಾರಾದರೂ ಕೂಳು ಕೊಟ್ಟರೆ ಅವನು ಪದವನ್ನು ತಪ್ಪಾಗಿ ಕೇಳಿಸಿಕೊಳ್ಳದಿರಲಿ. ಈ ಎಲ್ಲ ಸಂಬಂಧಗಳನ್ನು ಬರೋ ಮತ್ತು ಎಮೆನೋ ಅವರ ದ್ರಾವಿಡ ನಿಷ್ಪತ್ತಿ ಕೋಶ (1961, ಪರಿಷ್ಕೃತ ಆವೃತ್ತಿ 1984) ಹಿಡಿದು ಯಾರೂ ಪರಿಶೀಲಿಸಬಹುದು. ಆದರೆ ಕೋಶ ಧಾತುವಿನ ಬಂಧುತ್ವವನ್ನು ಹೇಳುತ್ತದೆ, ಆ ಧಾತುವನ್ನು ಇಂದು ಯಾರು ಯಾವ ಕೆಲಸಕ್ಕೆ ಬಳಸುತ್ತಿದ್ದಾರೆ ಎಂಬುದನ್ನಲ್ಲ.

ಆದುದರಿಂದ ಕೇಳುವ ಕ್ರಮ ಬದಲಾಗಬೇಕು. ಮನೆಯ ಜಗಲಿಯಲ್ಲಿ ಕುಳಿತು ‘ಇದಕ್ಕೆ ಏನಂತೀರಿ?’ ಎಂದು ಒಂದೊಂದೇ ವಸ್ತು ತೋರಿಸಿದರೆ ಸಿಗುವುದು ನಾಮಪದ, ಅದೂ ಪ್ರಶ್ನಿಸುವವರಿಗೆ ಹಿಡಿಸಬಹುದೆಂದು ಆಯ್ದುಕೊಟ್ಟ ನಾಮಪದ. ಗ್ಯಾಸ್ ಒಲೆಯ ಮನೆಯಲ್ಲಿ ಪುಳ್ಳೆ, ಕೊಳ್ಳಿ, ಕೆಂಡ, ಊದು, ಒತ್ತರಿಸು ಎಂಬ ಪದಗಳಿಗೆ ಸಂದರ್ಭವೇ ಇಲ್ಲ. ಬಯಲಿನಲ್ಲಿ ಕಾಪಿ ಕಾಯಿಸುವವರನ್ನು ಅವರ ಪಾಡಿಗೆ ಬಿಟ್ಟು, ಅವರು ಒಬ್ಬರಿಗೊಬ್ಬರು ಹೇಳುವ ವಿಧಿರೂಪಗಳನ್ನು, ಅಂದರೆ ಉರಿ ತಗ್ಗಿಸಲು, ಪಾತ್ರೆ ಇಳಿಸಲು, ಪುಡಿ ಹಾಕಲು ಹೇಳುವ ಮಾತನ್ನು ಪ್ರತ್ಯಯಸಹಿತ ಬರೆದುಕೊಂಡರೆ ಬೇರೊಂದು ಚಿತ್ರ ಸಿಗುವ ಸಾಧ್ಯತೆ ಹೆಚ್ಚು. ಫ್ಲಾಸ್ಕು ಮತ್ತು ರಸ್ತೆಬದಿಯ ಟೀ ಅಂಗಡಿ ಈ ಸಂದರ್ಭವನ್ನು ವರ್ಷವರ್ಷ ಕಿರಿದಾಗಿಸುತ್ತಿವೆ.

ಹೋಗುವ ಕಾಲ ಫೆಬ್ರವರಿಯಿಂದ ಮೇ. ಕೆಲಸ ಮುಗಿದು ಒಲೆ ಕೆಡಿಸುವವರೆಗೂ ಕಾಯುವುದು ಒಳ್ಳೆಯದು, ಏಕೆಂದರೆ ಕೊನೆಯ ಪದವೂ ಉಪಯುಕ್ತ. ತಮಿಳಿನಲ್ಲಿ ಕಾಪಿ ‘ಆಱು’ತ್ತದೆ, ಬೆಂಕಿ ‘ಅಣೈ’ಯುತ್ತದೆ, ಕನ್ನಡದಲ್ಲಿ ಕಾಪಿಯೂ ಆರುತ್ತದೆ, ಬೆಂಕಿಯೂ ಆರುತ್ತದೆ. ಉಳಿದ ನೀರನ್ನು ಕೆಂಡದ ಮೇಲೆ ಚೆಲ್ಲಿ ಏಳುವವರು ಅಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ ಎಂಬುದನ್ನು ಬರೆದುಕೊಳ್ಳಬೇಕು.