ಮೆಹ್ಲಿ ಮೆಹತಾ: ಪಿಟೀಲಿನಿಂದ ವಾದ್ಯವೃಂದಕ್ಕೆ

ನಮ್ಮ ಸಂಗೀತ ಕಚೇರಿಗಳಲ್ಲಿ ಪಿಟೀಲು ವಿದ್ವಾಂಸರು ಗಾಯಕರ ಮನೋಧರ್ಮವನ್ನು ಅನುಸರಿಸಿ ನುಡಿಸುವುದನ್ನು ಶ್ರೋತೃಗಳು ಬಲ್ಲರು. ಪಾಶ್ಚಾತ್ಯ ವಾದ್ಯವೃಂದದ ಕ್ರಮವೇ ಬೇರೆ. ಅಲ್ಲಿ ಎಂಬತ್ತು ತೊಂಬತ್ತು ಮಂದಿ ವಾದಕರು. ಪ್ರತಿಯೊಬ್ಬರ ಮುಂದೆಯೂ ಅವರವರ ಪಾಲಿನ ಸ್ವರಲಿಪಿ. ಏಕಕಾಲದಲ್ಲಿ ಹೊರಡುವ ಬೇರೆಬೇರೆ ಸ್ವರಗಳು ಕೂಡಿ ಒಂದೇ ನಾದವಾಗಬೇಕು. ಇದನ್ನು ಸಾಧಿಸುವವನು ನಿರ್ದೇಶಕ. ಅವನ ಕೈಯಲ್ಲಿರುವ ಸಣ್ಣ ಕೋಲಿನಿಂದಲಾದರೋ ಯಾವ ಧ್ವನಿಯೂ ಹೊರಡದು. ಹಾಗಾದರೆ ಅವನು ಲೋಕಕ್ಕೆ ಬಿಟ್ಟುಹೋಗುವುದೇನನ್ನು? ಮೆಹ್ಲಿ ಮೆಹತಾ ಅವರ ಜೀವನವು ಈ ಪ್ರಶ್ನೆಗೆ ಒಂದು ಉತ್ತರ.

ಮೆಹತಾ ಅವರು 1908ರಲ್ಲಿ ಮುಂಬಯಿಯ ಪಾರ್ಸಿ ಮನೆತನವೊಂದರಲ್ಲಿ ಜನಿಸಿದರು. 1935ರಲ್ಲಿ ಬಾಂಬೆ ಸಿಂಫನಿ ವಾದ್ಯವೃಂದವನ್ನು ಸ್ಥಾಪಿಸಿ, ಮೊದಲು ಅದರ ಪಿಟೀಲುಗಾರರ ಮುಂದಾಳಾಗಿದ್ದು, ಅನಂತರ ನಿರ್ದೇಶಕರಾದರು. ತಮ್ಮ ಊರಿನಲ್ಲಿ ಹೆಸರು ಪಡೆದಿದ್ದ ಮೇಲೂ ಅವರಿಗೆ ತೃಪ್ತಿಯಿರಲಿಲ್ಲ. 1945ರಲ್ಲಿ, ಮಡದಿಯನ್ನೂ ಇಬ್ಬರು ಚಿಕ್ಕ ಮಕ್ಕಳನ್ನೂ ಮುಂಬಯಿಯಲ್ಲಿಯೇ ಬಿಟ್ಟು, ನ್ಯೂಯಾರ್ಕಿನಲ್ಲಿ ಇವಾನ್ ಗಲಾಮಿಯನ್ ಎಂಬ ಪ್ರಸಿದ್ಧ ಗುರುಗಳಲ್ಲಿ ಮತ್ತೆ ಶಿಷ್ಯರಾದರು. ಊರಿಗೆ ಹಿಂದಿರುಗಿ ಕೆಲವು ವರ್ಷ ದುಡಿದ ಬಳಿಕ, 1955ರಲ್ಲಿ ಇಂಗ್ಲೆಂಡಿಗೆ ತೆರಳಿ, ಮ್ಯಾಂಚೆಸ್ಟರಿನ ಹ್ಯಾಲೆ ವಾದ್ಯವೃಂದದಲ್ಲಿ ಜಾನ್ ಬಾರ್ಬಿರೋಲಿ ಅವರ ಕೈಕೆಳಗೆ ನುಡಿಸಿದರು. ಅಲ್ಲಿಂದ ಫಿಲಡೆಲ್ಫಿಯದ ಕರ್ಟಿಸ್ ಚತುರ್ವಾದ್ಯ ತಂಡವನ್ನು ಸೇರಿದರು.

1964ರಲ್ಲಿ, ಐವತ್ತಾರನೆಯ ವಯಸ್ಸಿನಲ್ಲಿ, ಅವರು ಲಾಸ್ ಏಂಜಲೀಸಿನಲ್ಲಿ ಅಮೆರಿಕನ್ ಯೂತ್ ಸಿಂಫನಿಯನ್ನು ಆರಂಭಿಸಿದರು. ಇದರ ಅಗತ್ಯವೇನು? ಸಂಗೀತ ವಿದ್ಯಾರ್ಥಿಯು ಬಹುಕಾಲ ಏಕಾಂತದಲ್ಲಿ ಸಾಧನೆ ಮಾಡುತ್ತಾನೆ. ಅನೇಕರಿಗೆ ಜೀವನೋಪಾಯ ದೊರೆಯುವುದಾದರೋ ವಾದ್ಯವೃಂದದಲ್ಲಿ. ಅಲ್ಲಿ ಒಂದು ಪಂಕ್ತಿಯ ಪಿಟೀಲುಗಾರರೆಲ್ಲರ ಕಮಾನುಗಳೂ ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸಾಗಬೇಕು. ನೆರೆಯವನ ನಾದಕ್ಕಿಂತ ತನ್ನ ನಾದ ಮಿಗಬಾರದು. ಕಮಾನನ್ನು ಎಲ್ಲಿ ತಿರುಗಿಸಬೇಕು, ಎಲ್ಲಿ ಒತ್ತಬೇಕು ಎಂಬುದನ್ನು ಸ್ವತಃ ಪಂಕ್ತಿಯಲ್ಲಿ ಕುಳಿತು ನುಡಿಸಿದವನು ಬಲ್ಲಷ್ಟು ಇತರರು ಬಲ್ಲರೆ? ಈ ಅನುಭವವನ್ನೇ ಮೆಹತಾ ಅವರು ಮೂರು ದಶಕಗಳಿಗೂ ಮಿಕ್ಕ ಕಾಲ ತರುಣರಿಗೆ ಧಾರೆಯೆರೆದರು. ನಿರ್ದೇಶಕನ ಪೀಠವನ್ನು ಬಿಟ್ಟಾಗ ಅವರಿಗೆ ಸುಮಾರು ತೊಂಬತ್ತು ವರ್ಷ.

ಮೆಹತಾ ಅವರು 2002ರಲ್ಲಿ ನಿಧನರಾದರು. ಅವರು ಬೆಳೆಸಿದ ಯೂತ್ ಸಿಂಫನಿಯೂ 2024ರಲ್ಲಿ ನಿಂತುಹೋಯಿತು. ಆದರೆ ಅವರಲ್ಲಿ ಕಲಿತ ಅನೇಕರು ದೊಡ್ಡ ವಾದ್ಯವೃಂದಗಳನ್ನು ಸೇರಿದರು. ತಂದೆಯ ಸಾಧನೆಯನ್ನು ಕೇಳುತ್ತ ಬೆಳೆದ ಮಗ ಜುಬಿನ್ ಜಗದ್ವಿಖ್ಯಾತ ನಿರ್ದೇಶಕರಾದರು. ಮುಂಬಯಿಯಲ್ಲಿ 1995ರಲ್ಲಿ ಮೆಹ್ಲಿ ಅವರ ಹೆಸರಿನಲ್ಲಿ ಸ್ಥಾಪಿತವಾದ ಪ್ರತಿಷ್ಠಾನವು ಮಕ್ಕಳಿಗೆ ಸಂಗೀತ ಕಲಿಸುವ ಕಾರ್ಯವನ್ನು ಕೈಗೊಂಡಿತು. ನುಡಿಸಿದ ನಾದವು ಆ ಕ್ಷಣವೇ ಅಡಗುತ್ತದೆ. ಕಟ್ಟಿದ ಸಂಸ್ಥೆಯೂ ಒಂದು ದಿನ ಅಳಿಯಬಹುದು. ಕಲಿಸಿದ ವಿದ್ಯೆಯಾದರೋ ಕಲಿತವರ ಕೈಯಲ್ಲಿ ಮತ್ತೆ ನುಡಿಯುತ್ತದೆ.