ಅದೇ ಮದ್ದು: ಒಂದು ಹಸುವಿಗೆ ವಾಸಿ, ಇನ್ನೊಂದಕ್ಕೆ ಏಕಿಲ್ಲ?



"ಡಾಕ್ಟ್ರೇ, ಪಕ್ಕದ ಮನೆ ಹಸುವಿಗೆ ಕೊಟ್ಟ ಇಂಜೆಕ್ಷನ್ನೇ ನಮ್ಮದಕ್ಕೂ ಕೊಟ್ಟಿರಿ. ಅದು ವಾಸಿಯಾಯಿತು, ನಮ್ಮದೇಕೆ ಆಗಲಿಲ್ಲ?" ಕೆಚ್ಚಲು ಬಾವಿನ ವಿಷಯದಲ್ಲಿ ಹಳ್ಳಿಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ ಇದು. ಉತ್ತರ ಮದ್ದಿನಲ್ಲಷ್ಟೇ ಇಲ್ಲ. ಹಸುವಿನಲ್ಲೂ, ಮದ್ದು ಶುರುವಾದ ದಿನದಲ್ಲೂ ಇದೆ.

ಈ ರೋಗಕ್ಕೆ ಹಲವು ಬಗೆಯ ರೋಗಾಣುಗಳು ಕಾರಣ. ಅವುಗಳಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬುದು ಬಲು ಹಟಮಾರಿ. ಅದು ಕೆಚ್ಚಲಿನ ಒಳಗೆ ಸೇರಿ ಗಂಟು ಕಟ್ಟಿಕೊಳ್ಳುತ್ತದೆ. ಗಂಟು ಬಲಿತ ಮೇಲೆ ಮದ್ದು ಅಲ್ಲಿಗೆ ತಲುಪುವುದು ಕಷ್ಟ. ಹಾಗಾದರೆ ಯಾವ ಹಸು ಗುಣವಾಗುವ ಸಾಧ್ಯತೆ ಹೆಚ್ಚು?

1. ಮೊದಲ ಅಥವಾ ಎರಡನೆಯ ಸೂಲಿನ ಹಸು. ವಯಸ್ಸಾದಂತೆ ವಾಸಿಯಾಗುವುದು ಕಡಿಮೆ.
2. ಒಂದೇ ಮೊಲೆಗೆ ರೋಗ ತಗುಲಿದ ಹಸು. ಹಿಂದಿನ ಮೊಲೆಗಳಿಗಿಂತ ಮುಂದಿನವು ಸುಲಭವಾಗಿ ಗುಣವಾಗುತ್ತವೆ.
3. ರೋಗ ಬಂದು ಹೆಚ್ಚು ದಿನವಾಗದ ಹಸು.

ವಯಸ್ಸು ನಮ್ಮ ಕೈಯಲ್ಲಿಲ್ಲ, ದಿನ ನಮ್ಮ ಕೈಯಲ್ಲಿದೆ. ಒಂದೇ ಊರಿನ ಎರಡು ಹಸುಗಳನ್ನು ನಾನು ನೋಡಿದ್ದೆ. ಒಂದರ ಮನೆಯವರು ಹಾಲಿನಲ್ಲಿ ಗರಣೆ ಕಂಡ ದಿನವೇ ಹೇಳಿಕಳಿಸಿದರು. ಅದರ ನಾಲ್ಕು ಮೊಲೆಯೂ ಉಳಿದವು. ಇನ್ನೊಂದರವರು ಎಂಟು ದಿನ ಕಾದರು. ಒಂದು ಮೊಲೆ ಬತ್ತಿಯೇ ಹೋಯಿತು. ಆ ಮನೆಯ ತಾಯಿ ಕೇಳಿದ ಪ್ರಶ್ನೆಯೇ ಮೇಲಿನದು.

ಆದ್ದರಿಂದ ನೀವು ಮಾಡಬೇಕಾದದ್ದು:

* ಪ್ರತಿ ಹೊತ್ತೂ ಮೊದಲ ಎರಡು ಮೂರು ಧಾರೆಯನ್ನು ಕಪ್ಪು ಬಟ್ಟೆ ಕಟ್ಟಿದ ಬಟ್ಟಲಿಗೆ ಹಿಂಡಿ ನೋಡಿ. ಗರಣೆ, ನೀರು, ರಕ್ತ ಕಂಡರೆ ಅಂದೇ ಡಾಕ್ಟರಿಗೆ ತಿಳಿಸಿ.
* ಎರಡನೆಯ ದಿನಕ್ಕೆ ಹಾಲು ತಿಳಿಯಾಯಿತೆಂದು ಮದ್ದು ನಿಲ್ಲಿಸಬೇಡಿ. ಹಾಲು ತಿಳಿಯಾದರೂ ರೋಗಾಣು ಒಳಗೇ ಇರಬಹುದು.
* ರೋಗದ ಹಸುವಿನ ಹಾಲನ್ನು ಕೊನೆಯಲ್ಲಿ ಕರೆಯಿರಿ, ಕೈ ತೊಳೆಯಿರಿ.
* ಮದ್ದು ನಡೆಯುವಾಗ ಮತ್ತು ಆಮೇಲೆ ಚೀಟಿಯಲ್ಲಿ ಹೇಳಿದಷ್ಟು ದಿನ ಆ ಹಾಲನ್ನು ಸಂಘದ ಕ್ಯಾನಿಗೆ ಸುರಿಯಬೇಡಿ. ಮದ್ದಿನ ಅಂಶ ಹಾಲು ಕುಡಿಯುವವರ ಹೊಟ್ಟೆಗೆ ಹೋಗುತ್ತದೆ.
* ಹಳೆಯ ರೋಗವಿರುವ ಹಸುವಿಗೆ ಹಾಲು ಬತ್ತಿಸುವಾಗ ಮೊಲೆಗೆ ಹಾಕುವ ಟ್ಯೂಬಿನ ಬಗ್ಗೆ ಡಾಕ್ಟರನ್ನು ಕೇಳಿ. ಕರೆಯುತ್ತಿರುವ ಕಾಲಕ್ಕಿಂತ ಆ ಹೊತ್ತಿನ ಮದ್ದಿಗೆ ಗುಣ ಹೆಚ್ಚು.

ತಡವಾಯಿತು ಎಂದು ನಿಮ್ಮ ಅಂಗಳದಲ್ಲಿ ನಿಂತು ಹೇಳಲು ನನಗೂ ಮನಸ್ಸಾಗುವುದಿಲ್ಲ. ಗರಣೆ ಕಂಡ ದಿನವೇ ಕರೆಸಿ.