ಪಾರಿವಾಳದ ಎದೆಯಲ್ಲಿ ಕಂಡ ಚಕ್ರ

ಉಂಡ ಅನ್ನವು ಒಲೆಯ ಸೌದೆಯಂತೆ ದೇಹದಲ್ಲಿ ಉರಿಯುತ್ತದೆಂಬ ಮಾತುಂಟು. ಅದು ಹುಸಿಯಲ್ಲ, ಎರಡೆಡೆಯಲ್ಲಿಯೂ ಆಮ್ಲಜನಕ ವೆಚ್ಚವಾಗಿ ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತದೆ. ಆದರೆ ಒಲೆಯ ಬೆಂಕಿ ಜೀವಕೋಶದಲ್ಲಿ ಹೊತ್ತಿಕೊಂಡರೆ ಕೋಶವೇ ಉಳಿಯಲಾರದು. 37 ಡಿಗ್ರಿಯ ನಸುಬಿಸಿಯಲ್ಲಿ, ನೀರಿನ ನಡುವೆಯೇ, ಈ ದಹನ ನಡೆಯುವ ಬಗೆ ಎಂತು?

ಈ ಗಂಟನ್ನು ಬಹುಮಟ್ಟಿಗೆ ಬಿಡಿಸಿದವರು ಹಾನ್ಸ್ ಕ್ರೆಬ್ಸ್. ಜರ್ಮನಿಯ ಈ ಯೆಹೂದಿ ವೈದ್ಯರು, ಯಕೃತ್ತಿನಲ್ಲಿ ಯೂರಿಯ ಸಿದ್ಧವಾಗುವುದು ಚಕ್ರಕ್ರಮದಿಂದ ಎಂಬುದನ್ನು 1932ರಲ್ಲಿ ತೋರಿಸಿ ಹೆಸರಾಗಿದ್ದರು. ಮರುವರ್ಷವೇ ನಾಜಿ ಆಡಳಿತ ಅವರನ್ನು ಫ್ರೈಬುರ್ಗ್ ವಿಶ್ವವಿದ್ಯಾನಿಲಯದ ಕೆಲಸದಿಂದ ತೆಗೆದುಹಾಕಿತು. ಕೇಂಬ್ರಿಜ್ ಆಶ್ರಯ ನೀಡಿತು. 1935ರಲ್ಲಿ ಅವರು ಶೆಫೀಲ್ಡ್ ಸೇರಿದರು.

ಅಲ್ಲಿ ಅವರು ಆರಿಸಿಕೊಂಡದ್ದು ಪಾರಿವಾಳದ ಎದೆಯ ಸ್ನಾಯು. ರೆಕ್ಕೆ ಬಡಿಯುವ ಈ ಸ್ನಾಯುವು ಆಮ್ಲಜನಕವನ್ನು ಹೇರಳವಾಗಿ ಹೀರುತ್ತದೆ. ಅದನ್ನು ಕೊಚ್ಚಿ ಗಾಜಿನ ಪಾತ್ರೆಯಲ್ಲಿಟ್ಟು, ಶಿಷ್ಯ ವಿಲಿಯಂ ಜಾನ್ಸನ್ನರೊಡನೆ, ಹೀರಿದ ಆಮ್ಲಜನಕವನ್ನು ಅಳೆದರು. ಚಿಟಿಕೆಯಷ್ಟು ಸಿಟ್ರಿಕ್ ಆಮ್ಲ, ಎಂದರೆ ನಿಂಬೆಯ ಹುಳಿ, ಬೆರೆಸಿದಾಗ ಉಸಿರಾಟ ಹೆಚ್ಚಿತು. ಹೆಚ್ಚಿದ್ದಾದರೂ ಎಷ್ಟು? ಆ ಹುಳಿಯೆಲ್ಲ ಸುಟ್ಟರೂ ಬೇಕಾಗದಷ್ಟು! ಹುಳಿಯು ಸೌದೆಯಾಗಿ ಮುಗಿದುಹೋಗದೆ ಮತ್ತೆ ಮತ್ತೆ ಹುಟ್ಟುತ್ತಿದೆಯೆಂದೇ ಇದರ ಅರ್ಥ.

ಅನ್ನದ ಪಿಷ್ಟವು ಒಡೆದು ಗ್ಲೂಕೋಸ್ ಆಗುತ್ತದೆ. ಅದರ 6 ಇಂಗಾಲದ ಅಣುವು 3 ಇಂಗಾಲದ ಎರಡು ತುಂಡುಗಳಾಗಿ, ಪ್ರತಿ ತುಂಡೂ ಒಂದು ಇಂಗಾಲವನ್ನು ಕಳೆದುಕೊಳ್ಳುತ್ತದೆ. ಉಳಿದ 2 ಇಂಗಾಲದ ಚೂರನ್ನು ಕೋಶ ನೇರವಾಗಿ ಸುಡುವುದಿಲ್ಲ. 4 ಇಂಗಾಲದ ಬೇರೊಂದು ಆಮ್ಲಕ್ಕೆ ಜೋಡಿಸುತ್ತದೆ. ಆಗ ಹುಟ್ಟುವುದೇ 6 ಇಂಗಾಲದ ಸಿಟ್ರಿಕ್ ಆಮ್ಲ. ಅದು ಮೆಟ್ಟಿಲು ಮೆಟ್ಟಿಲಾಗಿ ಎರಡು ಇಂಗಾಲಗಳನ್ನು ಬಿಟ್ಟುಕೊಟ್ಟು ಮತ್ತೆ 4 ಇಂಗಾಲದ ಆಮ್ಲವಾಗಿ, ಮುಂದಿನ ಚೂರಿಗೆ ಕಾದು ನಿಲ್ಲುತ್ತದೆ. ದಾರಿಯಲ್ಲಿ ಕಳಚಿದ ಜಲಜನಕ ಕೊನೆಗೆ ಆಮ್ಲಜನಕದೊಡನೆ ಕೂಡಿ ನೀರಾಗುತ್ತದೆ. ಹೀಗೆ ಕಂತುಕಂತಾಗಿ ಬಿಡುಗಡೆಯಾದ ಶಕ್ತಿಯಲ್ಲಿ ಒಂದು ಪಾಲು ಶಾಖವಾದರೆ, ಇನ್ನೊಂದು ಪಾಲನ್ನು ಎಟಿಪಿ ಎಂಬ ಅಣು ಕೈಗಡದ ನಾಣ್ಯದಂತೆ ಹಿಡಿದಿಟ್ಟುಕೊಳ್ಳುತ್ತದೆ. ಅನ್ನದ ಮೇಲಿನ ತುಪ್ಪವೂ ಬೇರೆ ಹಾದಿಯಿಂದ ಬಂದು ಇದೇ ಚಕ್ರವನ್ನು ಸೇರುತ್ತದೆ.

ಕ್ರೆಬ್ಸ್ 1937ರ ಜೂನ್‌ನಲ್ಲಿ ಈ ವಿಷಯವನ್ನು 'ನೇಚರ್' ವಾರಪತ್ರಿಕೆಗೆ ಬರೆದು ಕಳುಹಿಸಿದರು. ಏಳೆಂಟು ವಾರಗಳಿಗಾಗುವಷ್ಟು ಪತ್ರಗಳು ಈಗಾಗಲೇ ಕೈಯಲ್ಲಿವೆಯೆಂದು ಸಂಪಾದಕರು ಹಿಂದಿರುಗಿಸಿದರು. ವಾರಪತ್ರಿಕೆಯವರ ಪಾಡು ಬಲ್ಲವರು ಅವರ ಮೇಲೆ ಬಹಳ ಮುನಿಯಲಾರರು. ಲೇಖನ ಅದೇ ವರ್ಷ ಹಾಲೆಂಡಿನ 'ಎನ್ಜೈಮೋಲೋಜಿಯಾ'ದಲ್ಲಿ ಬೆಳಕು ಕಂಡಿತು.

2 ಇಂಗಾಲದ ಚೂರನ್ನು ಚಕ್ರದ ಬಾಗಿಲಿಗೆ ಹೊತ್ತು ತರುವವರಾರೆಂಬುದು ಮಾತ್ರ ಆಗ ತಿಳಿದಿರಲಿಲ್ಲ. ಆ ವಾಹಕವಾದ ಸಹಕಿಣ್ವ 'ಎ'ಯನ್ನು ಮುಂದೆ ಅಮೆರಿಕದಲ್ಲಿ ಫ್ರಿಟ್ಸ್ ಲಿಪ್ಮನ್ ಕಂಡುಹಿಡಿದರು. 1953ರ ನೊಬೆಲ್ ಪಾರಿತೋಷಕವನ್ನು ಇಬ್ಬರೂ ಹಂಚಿಕೊಂಡರು. ಲಿಪ್ಮನ್ನರೂ ಜರ್ಮನಿಯನ್ನು ತೊರೆದು ಬಂದಿದ್ದ ಯೆಹೂದಿಯೇ.